ಭುಲೇಶ್ವರ

ಮಹಾರಾಷ್ಟ್ರದ ಪುಣೆ ಜಿಲ್ಲೆ, ಪುರಂದರ ತಾಲ್ಲೂಕಿನ ಮಾಳಶಿರಸ ಗ್ರಾಮದ ಬಳಿ ಬೆಟ್ಟದ ನೆತ್ತಿಯ ಮೇಲಿರುವ ಭಗ್ನ ಶಿವಾಲಯ. ಪುಣೆ ಕ್ಯಾಂಪಿನಿಂದ ಸೊಲ್ಲಾಪುರ ರಸ್ತೆ ಹಿಡಿದು, ಹಡಪಸರ, ಉರುಳಿಕಾಂಚನ ದಾಟಿ ಯವತ್‌ನಲ್ಲಿ ಬಲಕ್ಕೆ ಹೊರಳಬೇಕು. ಒಟ್ಟು ಸುಮಾರು 50 ಕಿ.ಮೀ. ಸಹ್ಯಾದ್ರಿಯಿಂದ ಪೂರ್ವಕ್ಕೆ ಚಾಚಿ, ಮುಳಾ-ಮುಠಾ ಮತ್ತು ಕರ್ಹಾ ನದಿಗಳ ಬಯಲನ್ನು ಬೇರ್ಪಡಿಸುವ ಗುಡ್ಡಸಾಲಿಗೂ ಇದೇ ಹೆಸರು.

ಹೆಸರು: ಪಾರ್ವತಿ ಇಲ್ಲಿ ಕುಣಿದು ಶಿವನನ್ನು ಮರುಳು ಮಾಡಿದಳೆಂದು ಸ್ಥಳಪುರಾಣ. ಮರಾಠಿಯ ‘ಭುಲಣೆ’ ಎಂದರೆ ಮರುಳಾಗುವುದು.

ಕಟ್ಟಡ: ಶೈಲಿಯ ಆಧಾರದ ಮೇಲೆ ಇದನ್ನು ದೇವಗಿರಿಯ ಸೇವುಣರ ಕಾಲಕ್ಕೆ, 13ನೆಯ ಶತಮಾನಕ್ಕೆ ಸೇರಿಸುವುದು ರೂಢಿ. ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ಬೆಳೆದು, ಕನ್ನಡದಲ್ಲಿ ನೂರಾರು ಶಾಸನ ಬರೆಸಿದ ಮನೆತನ ಅದು. ಹೊರಗಿನಿಂದ ನೋಡಿದರೆ ದೇಗುಲವೆನಿಸುವುದಿಲ್ಲ. ಗೋಡೆ, ಬಾಗಿಲು, ಗುಮ್ಮಟ ಎಲ್ಲವೂ ಕೋಟೆಯವು. ಕಿರಿದಾದ ಕತ್ತಲೆಯ ಮೆಟ್ಟಿಲು ಹತ್ತಿದ ಮೇಲಷ್ಟೇ ಕಪ್ಪುಕಲ್ಲಿನ ಮಂಟಪ, ನಂದಿ, ಗರ್ಭಗುಡಿ ಕಣ್ಣಿಗೆ ಬೀಳುತ್ತವೆ. ಈಗಿನ ಇಟ್ಟಿಗೆ-ಗಾರೆಯ ಶಿಖರ ಮರಾಠರ ಕಾಲದ್ದು. 18ನೆಯ ಶತಮಾನದ ಜೀರ್ಣೋದ್ಧಾರಕ್ಕೆ ಪೇಶ್ವೆ ಒಂದನೆಯ ಬಾಜಿರಾಯನ ಗುರು, ಧಾವಡಶಿಯ ಬ್ರಹ್ಮೇಂದ್ರಸ್ವಾಮಿ ಹಣ ಕೊಟ್ಟರೆಂದು ಹೇಳಲಾಗುತ್ತದೆ.

ಶಿಲ್ಪ: ಶರಶಯ್ಯೆಯ ಭೀಷ್ಮ, ದ್ರೌಪದಿಯ ಸ್ವಯಂವರ ಮೊದಲಾದ ಮಹಾಭಾರತದ ದೃಶ್ಯಗಳಿವೆ. ಆದರೆ ಇಲ್ಲಿನ ನಿಜವಾದ ಅಪೂರ್ವ ಶಿಲ್ಪವೆಂದರೆ ಸ್ತ್ರೀರೂಪದ ಗಣೇಶ: ಸೊಂಡಿಲು, ಹೆಣ್ಣಿನ ಮೈ, ಪದ್ಮಾಸನ, ಕೆಳಗೆ ಇಲಿ. ಭೇಡಾಘಾಟಿನ ಯೋಗಿನಿಯರ ನಡುವೆಯೂ ಶುಚೀಂದ್ರಂನಲ್ಲಿಯೂ ಇಂಥ ವಿನಾಯಕಿಯರಿದ್ದಾರೆ, ದಖ್ಖನ್ನಿನಲ್ಲಿ ವಿರಳ. ಹೆಚ್ಚಿನ ಮೂರ್ತಿಗಳ ಮುಖ, ಮೊಲೆ, ತೋಳುಗಳು ಒಡೆದಿವೆ. ದಂಡೆತ್ತಿ ಬಂದವರ ಕೆಲಸ ಎನ್ನುವುದು ವಾಡಿಕೆಯ ಮಾತು. ಇಂಥದೇ ಸೈನ್ಯ, ಇಂಥದೇ ವರ್ಷ ಎಂದು ಬೆರಳು ಮಾಡುವುದು ಅವಸರವಾದೀತು.

ಕೋಟೆ: ಕನ್ನಡ ಓದುಗರಿಗೆ ಈ ಬೆಟ್ಟ ಮುಖ್ಯವಾಗುವುದು ವಿಜಯಪುರದ ಮೂಲಕ. 1630ರಲ್ಲಿ ಅಲ್ಲಿನ ಆದಿಲಶಾಹಿಯ ಸೇನಾನಿ ಮುರಾರ ಜಗದೇವ, ಶಹಾಜಿ ಭೋಸಲೆಯ ಜಹಗೀರಾಗಿದ್ದ ಪುಣೆಯ ಮೇಲೆ ಬಿದ್ದು ಊರನ್ನು ಸುಟ್ಟ. ಮರಾಠಿ ಐತಿಹ್ಯದ ಪ್ರಕಾರ, ಬೂದಿಯಾದ ನೆಲವನ್ನು ಕತ್ತೆ ಕಟ್ಟಿದ ನೇಗಿಲಿನಿಂದ ಉಳುಮೆ ಮಾಡಿಸಿ, ಕಬ್ಬಿಣದ ಹಾರೆ ನೆಟ್ಟು, ಅದಕ್ಕೆ ಹರಕು ಚಪ್ಪಲಿ ತೂಗುಹಾಕಿಸಿದ. ಅಲ್ಲಿ ಮತ್ತೆ ಯಾರೂ ದೀಪ ಹಚ್ಚಬಾರದೆಂಬುದು ಅದರ ಅರ್ಥ. ಆ ಪ್ರಾಂತದ ಆಡಳಿತವನ್ನು ಬೆಟ್ಟಕ್ಕೆ ಸಾಗಿಸಿ, ದೇಗುಲವನ್ನು ಸುತ್ತುವರಿದು ದೌಲತ್‌ಮಂಗಲ (ಮಂಗಲಗಡ) ಎಂಬ ಕೋಟೆ ಕಟ್ಟಿಸಿದ. ದೇಗುಲ ಕೋಟೆಯ ವೇಷ ತೊಟ್ಟದ್ದರ ಮೂಲ ಇಲ್ಲೇ ಇರಬೇಕು. ಇದೇ ಮುರಾರ 1632ರಲ್ಲಿ ಪರಾಂಡಾದಿಂದ ಮಲಿಕ್-ಎ-ಮೈದಾನ್ ತೋಪನ್ನು ವಿಜಯಪುರಕ್ಕೆ ಎಳೆಸಿ ತಂದವನು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಆ ತೋಪನ್ನು ಶೆರ್ಜಾ ಬುರುಜಿನ ಮೇಲೆ ನೋಡಿದವರು ಬಹಳ. ತಂದವನ ಹೆಸರು ಬಲ್ಲವರು ಕಡಿಮೆ. ಭೀಮಾ-ಇಂದ್ರಾಯಣಿ ಸಂಗಮದಲ್ಲಿ ದೋಣಿಗೆ ಆನೆ ಹತ್ತಿಸಿ, ನೀರು ಏರಿದ ಗುರುತಿನವರೆಗೆ ಕಲ್ಲು ತುಂಬಿ ಆನೆಯ ತೂಕ ಕಂಡು, ಅಷ್ಟು ತೂಕದ ತುಲಾದಾನ ಮಾಡಿದನೆಂದೂ, ತುಳಾಪುರಕ್ಕೆ ಆ ಹೆಸರು ಬಂದದ್ದು ಅದರಿಂದಲೆಂದೂ ಹೇಳುತ್ತಾರೆ. 1635ರಲ್ಲಿ ವಜೀರ ಖವಾಸಖಾನನ ಪತನದೊಂದಿಗೆ ಮುರಾರನಿಗೂ ಮರಣದಂಡನೆಯಾಯಿತು. ಮರುವರ್ಷ ಮೊಗಲರೊಂದಿಗೆ ಆದ ಒಪ್ಪಂದದ ಮೇಲೆ ಶಹಾಜಿ ಆದಿಲಶಾಹಿಯ ಸೇವೆಗೆ ಸೇರಿದ; ಅವನ ಜಹಗೀರಿನ ಆಡಳಿತಗಾರ ದಾದೋಜಿ ಕೊಂಡದೇವ ಪುಣೆಯನ್ನು ಮತ್ತೆ ನೆಲೆಗೊಳಿಸಿದ. ದೌಲತ್‌ಮಂಗಲದ ದರ್ಬಾರು ಅಷ್ಟಕ್ಕೇ ಮುಗಿಯಿತು.

ಪೂಜೆ: ಲಿಂಗದ ಕೆಳಗಿನ ಪೊಳ್ಳಿನಲ್ಲಿ ಪೇಡೆಯ ತಟ್ಟೆ ಇಟ್ಟು ತೆಗೆದರೆ ಒಂದೆರಡು ಕಡಿಮೆಯಾಗಿರುತ್ತವೆ ಎಂಬ ನಂಬಿಕೆಯಿಂದ ಬರುವವರೇ ಹೆಚ್ಚು. ವಿನಾಯಕಿಯ ಕಾಲಬುಡದ ಇಲಿಯನ್ನು ಅವರು ಗಮನಿಸಿದಂತಿಲ್ಲ. ಶ್ರಾವಣದಲ್ಲಿ, ಮಹಾಶಿವರಾತ್ರಿಯಲ್ಲಿ ಜನಜಂಗುಳಿ ಇರುತ್ತದೆ. ಪ್ರದಕ್ಷಿಣೆಯ ಓಣಿಯಲ್ಲಿ ಬೆಳಕು ಸಾಲದು; ಶಿಲ್ಪ ನೋಡಬಯಸುವವರು ಬ್ಯಾಟರಿ ಒಯ್ಯಬೇಕು.