ಸರದಿಯ ಮಾತು

1898ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪನಿ ಕಾರ್ಮಿಕರಿಂದ ಸಲಹೆ ಪಡೆಯುವ ಪದ್ಧತಿ ಶುರುಮಾಡಿತು. ಕಿಟಕಿಗಳನ್ನು ತೊಳೆಸಿದರೆ ಒಳಗೆ ಬೆಳಕು ಹೆಚ್ಚುತ್ತದೆ ಎಂದ ಕಾರ್ಮಿಕನಿಗೆ ಮೊದಲ ಬಹುಮಾನ ಸಿಕ್ಕಿತು: ಎರಡು ಡಾಲರ್. ಮಸುಕಾದ ಗಾಜು ಓಡಾಡುವವರೆಲ್ಲರ ಕಣ್ಣಿಗೂ ಬಿದ್ದಿರುತ್ತದೆ. ಅದರ ಕಷ್ಟ ಗೊತ್ತಿರುವುದು ಆ ಬೆಳಕಿನಲ್ಲೇ ದಿನವಿಡೀ ದುಡಿಯುವವನಿಗೆ.

ಮುಂದೆ ಸಲಹಾ ಪೆಟ್ಟಿಗೆ ಅನೇಕ ಕಾರ್ಖಾನೆಗಳ ಗೋಡೆ ಏರಿತು. ಆದರೆ ಬರೆಯಲು ಬರುವವನು, ಬರೆಯುವ ಧೈರ್ಯ ಇರುವವನು ಮಾತ್ರ ಅದಕ್ಕೆ ಚೀಟಿ ಹಾಕಬಲ್ಲ. ಒಬ್ಬನಿಗೆ ಅರ್ಧ ಹೊಳೆದದ್ದನ್ನು ಪಕ್ಕದವನು ಪೂರ್ತಿಮಾಡುವುದು ಪೆಟ್ಟಿಗೆಯೊಳಗೆ ಆಗದ ಮಾತು. ಹಾಕಿದ ಚೀಟಿ ಏನಾಯಿತೆಂದು ತಿಳಿಯುವ ಖಾತರಿಯೂ ಇಲ್ಲ.

ಈ ಕೊರತೆ ತುಂಬುವ ದಾರಿ ಜಪಾನಿನಲ್ಲಿ ತೆರೆದುಕೊಂಡಿತು. 1950ರಲ್ಲಿ ಡೆಮಿಂಗ್, 1954ರಲ್ಲಿ ಜುರಾನ್ ಅಲ್ಲಿಗೆ ಹೋಗಿ ಗುಣಮಟ್ಟ ನಿಯಂತ್ರಣದ ಪಾಠ ಹೇಳಿದಾಗ ಎದುರು ಕೂತವರು ಎಂಜಿನಿಯರುಗಳು, ಕಂಪನಿ ಮುಖ್ಯಸ್ಥರು. ಆ ಪಾಠವನ್ನು ಮೆಷಿನ್ ಮುಂದೆ ನಿಂತವರ ಬಳಿಗೆ ಒಯ್ದವರಲ್ಲಿ ಪ್ರಮುಖರು ಕವೋರು ಇಶಿಕಾವ. 1962ರಲ್ಲಿ ಕಾರ್ಖಾನೆಯ ಮೇಸ್ತ್ರಿಗಳಿಗಾಗಿ ಒಂದು ಪತ್ರಿಕೆ ಹೊರಟಿತು. ಅದನ್ನು ಒಟ್ಟಿಗೆ ಕೂತು ಓದಿ, ಓದಿದ್ದನ್ನು ತಮ್ಮ ಕೆಲಸದಲ್ಲಿ ಪ್ರಯೋಗಿಸಿದ ಗುಂಪುಗಳೇ ಕ್ವಾಲಿಟಿ ಸರ್ಕಲ್‌ಗಳಾದವು.

ಇವುಗಳ ನಿಯಮ ಸರಳ. ಒಂದೇ ಕಡೆ ಕೆಲಸ ಮಾಡುವ ಆರರಿಂದ ಹತ್ತು ಜನ, ಸ್ವಇಚ್ಛೆಯಿಂದ, ಸಾಮಾನ್ಯವಾಗಿ ವಾರಕ್ಕೊಂದು ಗಂಟೆ ಸೇರಬೇಕು. ಸಮಸ್ಯೆಯನ್ನು ಅವರೇ ಆರಿಸಿಕೊಳ್ಳಬೇಕು. ಸರದಿಯಂತೆ ಒಬ್ಬೊಬ್ಬರು ಒಂದೊಂದು ವಿಚಾರ ಹೇಳಬೇಕು. ಹೊಳೆಯದಿದ್ದರೆ ಸರದಿ ಮುಂದಕ್ಕೆ ಬಿಡಬಹುದು. ಎಲ್ಲ ಮುಗಿಯುವ ತನಕ ಟೀಕೆ ಇಲ್ಲ. ಇದರಿಂದ ಬಾಯಿಮಾತಿನ ಚುರುಕು ಇರುವವರು ಸಭೆಯನ್ನು ಆಳುವುದು ತಪ್ಪಿತು. ಸುಮ್ಮನಿರುವವರಿಗೂ ಕೇಳದೆಯೇ ಜಾಗ ಸಿಕ್ಕಿತು. ಇಶಿಕಾವ ರೂಪಿಸಿದ ಮೀನಿನ ಮೂಳೆಯಂಥ ಚಿತ್ರವೂ ಇದಕ್ಕೆ ಒದಗಿತು. ತಲೆಯ ಜಾಗದಲ್ಲಿ ಸಮಸ್ಯೆ. ಮೂಳೆಗಳ ಮೇಲೆ ಯಂತ್ರ, ಸಾಮಗ್ರಿ, ವಿಧಾನ ಮುಂತಾದ ಕಾರಣಗಳು. ‘ತಪ್ಪು ಯಾರದು’ ಎಂಬ ಪ್ರಶ್ನೆ ‘ಕಾರಣ ಯಾವುದು’ ಎಂದಾದರೆ ಬಾಯಿ ಬಿಡುವುದು ಸುಲಭ.

ಭಾರತದಲ್ಲಿ ಇದನ್ನು 1980ರಲ್ಲಿ ಮೊದಲಿಗೆ ಅಳವಡಿಸಿಕೊಂಡದ್ದು ಹೈದರಾಬಾದ್ ಬಳಿಯ ರಾಮಚಂದ್ರಾಪುರದ ಬಿಎಚ್‌ಇಎಲ್ ಕಾರ್ಖಾನೆ. ಮುಂದೆ ನಿಂತು ನಡೆಸಿದವರು ಅಲ್ಲಿನ ಅಧಿಕಾರಿ ಎಸ್.ಆರ್. ಉಡ್ಪ. 1982ರಲ್ಲಿ ಕ್ವಾಲಿಟಿ ಸರ್ಕಲ್ ಫೋರಂ ಆಫ್ ಇಂಡಿಯಾ ಹುಟ್ಟಿತು. ಕಾರ್ಮಿಕರೇ ಎದ್ದು ನಿಂತು ತಮ್ಮ ಪರಿಹಾರವನ್ನು ಅಧಿಕಾರಿಗಳ ಮುಂದೆ ವಿವರಿಸುವುದು ಈ ಪದ್ಧತಿಯ ಕೊನೆಯ ಹಂತ.

ಇಡೀ ಪದ್ಧತಿಗೆ ಪರೀಕ್ಷೆ ಎದುರಾಗುವುದು ಅಲ್ಲೇ. 1970ರ ದಶಕದಲ್ಲಿ ಲಾಕ್‌ಹೀಡ್ ಕಂಪನಿಯಿಂದ ಆರಂಭವಾಗಿ ಅಮೆರಿಕದಲ್ಲೂ ಈ ಗುಂಪುಗಳು ಭರದಿಂದ ಹಬ್ಬಿದ್ದವು. 1985ರ ಹೊತ್ತಿಗೆ ಲಾಲರ್ ಮತ್ತು ಮೋರ್ಮನ್ ಎಂಬ ವಿದ್ವಾಂಸರು ಅವು ಸೊರಗಲು ಕಾರಣವೇನೆಂದು ಬರೆಯಬೇಕಾಯಿತು. ಗುಂಪಿಗೆ ಹೇಳುವ ಅವಕಾಶ ಇತ್ತು, ತೀರ್ಮಾನಿಸುವ ಅಧಿಕಾರ ಇರಲಿಲ್ಲ. ಒಪ್ಪಿಗೆ ಮೇಲಿನವರ ಮೇಜಿನ ಮೇಲೆ ಕೂತಿರುತ್ತಿತ್ತು. ಸರದಿ ಕೊಟ್ಟರೆ ಜನ ಮಾತಾಡುತ್ತಾರೆ. ಮುಂದಿನ ವಾರವೂ ಮಾತಾಡಬೇಕಾದರೆ, ಹೋದ ವಾರ ಹೇಳಿದ್ದು ಏನಾಯಿತೆಂದು ಯಾರಾದರೂ ಅವರಿಗೆ ತಿಳಿಸಿರಬೇಕು.