ತಕ್ಕೋಲದ ಬಿಸುಗೆ: ಪ್ರತಿನಾಯಕನೊಬ್ಬನ ಮರಣಕ್ಕೆ ದೊರೆತ ಸಾಕ್ಷ್ಯಗಳು

ಕ್ರಿ.ಶ. 949ರಲ್ಲಿ ತಕ್ಕೋಲದಲ್ಲಿ ನಡೆದ ಯುದ್ಧವು ವಿದ್ವಾಂಸರಿಗೆ ಸುಪರಿಚಿತವಾದುದು. ಒಂದು ಪಕ್ಷದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣ, ಎಂದರೆ ಶಾಸನಗಳ ಕನ್ನರದೇವ; ಅವನೊಡನೆ ಗಂಗರ ಇಮ್ಮಡಿ ಬೂತುಗ. ಎದುರು ಪಕ್ಷದಲ್ಲಿ ಚೋಳ ಪರಾಂತಕನ ಹಿರಿಯ ಮಗ ರಾಜಾದಿತ್ಯ. ಅರಕ್ಕೋಣದ ಸಮೀಪದ ಈ ಊರಿನಲ್ಲಿ ರಾಜಾದಿತ್ಯನು ಮಡಿದನು, ಚೋಳಸೈನ್ಯವು ಮುರಿಯಿತು. ಇಷ್ಟರಲ್ಲಿ ವಿವಾದವಿಲ್ಲ. ಅವನು ಹೇಗೆ ಮಡಿದನು, ಯಾರ ಕೈಯಿಂದ ಮಡಿದನು ಎಂಬಲ್ಲಿ ಮಾತ್ರ ಆಕರಗಳು ಒಂದೊಂದು ದಿಕ್ಕಿಗೆ ಮುಖಮಾಡಿ ನಿಲ್ಲುತ್ತವೆ. ಆ ಆಕರಗಳಲ್ಲಿ ಎರಡು ನಮ್ಮ ಜೈನ ಗ್ರಂಥಗಳೇ ಆಗಿರುವುದರಿಂದ ಈ ಪ್ರಶ್ನೆಯನ್ನು ಇಲ್ಲಿ ಎತ್ತಿಕೊಳ್ಳುವುದು ಅನುಚಿತವಾಗಲಾರದು.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ಹಲವು ವರ್ಷಗಳ ಹಿಂದೆ ಒಂದು ಉಪನ್ಯಾಸದಲ್ಲಿ ಪ್ರಕೃತ ಲೇಖಕನು, ಬೂತುಗನು ರಾಜಾದಿತ್ಯನನ್ನು ವಂಚನೆಯಿಂದ ಕೊಂದನೆಂದು ನಿಸ್ಸಂಕೋಚವಾಗಿ ಹೇಳಿದ್ದನು. ಆಧಾರವೆಂದರೆ ಹಳೆಯ ಇತಿಹಾಸ ಪುಸ್ತಕವೊಂದರ ಒಂದು ವಾಕ್ಯ. ಸಭೆಯಲ್ಲಿದ್ದ ವೃದ್ಧ ಪಂಡಿತರೊಬ್ಬರು ಉಪನ್ಯಾಸ ಮುಗಿದ ಮೇಲೆ ಹತ್ತಿರಕ್ಕೆ ಬಂದು, "ಪುಸ್ತಕ ಓದಿದ್ದೀರಿ, ಸರಿ. ಕಲ್ಲು ಓದಿದ್ದೀರಾ?" ಎಂದು ಕೇಳಿದರು. ಓದಿರಲಿಲ್ಲ. ಓಲೆಗರಿಯ ಒಂದೊಂದು ಅಕ್ಷರಕ್ಕೂ ಪಾಠಾಂತರ ಹುಡುಕುವ ವೃತ್ತಿಯವನು ಕಲ್ಲಿನ ಅಕ್ಷರದ ವಿಷಯದಲ್ಲಿ ಹಾಗೆ ನಡೆದುಕೊಂಡದ್ದು ತಪ್ಪು. ಆ ತಪ್ಪಿನ ಪರಿಮಾರ್ಜನವೂ ಈ ಲೇಖನದ ಉದ್ದೇಶ.

ಆ ಕಲ್ಲು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧಕ್ಕೆ ಅತ್ಯಂತ ಸಮೀಪಕಾಲದ ದಾಖಲೆ ಇದೇ. ಆದರೆ ಅದನ್ನು ನಿಲ್ಲಿಸಿದ್ದು ಯುದ್ಧದ ಸ್ಮರಣೆಗಲ್ಲ, ಒಂದು ಬೇಟೆನಾಯಿಯ ಸ್ಮರಣೆಗೆ. ಬೂತುಗನ ಭಟ ಮಣಲೇರನು ಯುದ್ಧದಲ್ಲಿ ಮೆರೆದ ಪರಾಕ್ರಮಕ್ಕೆ ಮೆಚ್ಚಿ ಬೇಕಾದುದನ್ನು ಬೇಡೆಂದಾಗ, ಅವನು ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ಬೆಳತೂರಿನ ಬೆಟ್ಟದಲ್ಲಿ ಆ ನಾಯಿಯೂ ಒಂದು ದೊಡ್ಡ ಹಂದಿಯೂ ಹೋರಾಡಿ ಎರಡೂ ಸತ್ತವು. ಚಲ್ಲೇಶ್ವರದ ಮುಂದೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟು, ಪೂಜೆಮಾಡದೆ ಉಣ್ಣುವ ಗೊರವನಿಗೆ ಪಾಪವನ್ನು ವಿಧಿಸಿದ್ದಾರೆ. ನಾಯಿಯೂ ಹಂದಿಯೂ ಕಾದುವ ಚಿತ್ರವನ್ನು ಕಲ್ಲಿನ ಮೇಲೆ ಕೆತ್ತಿದ್ದಾರೆ. ರಾಜರ ಸಂಗತಿ ಬಂದಿರುವುದು ಈ ಪ್ರಸಂಗದ ಸುತ್ತಲಷ್ಟೆ. ಹೊಗಳಿಕೆಯ ಹೊರೆಯಿಲ್ಲದ ಇಂತಹ ಪ್ರಾಸಂಗಿಕ ಉಲ್ಲೇಖಕ್ಕೆ ಪ್ರಶಸ್ತಿಕಾವ್ಯಕ್ಕಿಂತ ಹೆಚ್ಚಿನ ಬೆಲೆಯನ್ನು ಕೊಡಬೇಕೆಂದು ನಮ್ಮ ಅಭಿಪ್ರಾಯ.

ಮೊದಲು ಕಾಲದ ವಿಚಾರ. ಶಾಸನವು ಶಕವರ್ಷ 872ನೆಯದೆಂದೂ ಸೌಮ್ಯ ಸಂವತ್ಸರವೆಂದೂ ಹೇಳುತ್ತದೆ. ಇವೆರಡೂ ಹೊಂದುತ್ತವೆಯೇ? ಇದನ್ನು ಪರೀಕ್ಷಿಸಲು ಸೋಮದೇವಸೂರಿಯ ಯಶಸ್ತಿಲಕ ಚಂಪುವಿನ ಅಂತ್ಯಪ್ರಶಸ್ತಿ ನಮಗೆ ನೆರವಾಗುತ್ತದೆ. ಶಕವರ್ಷ 881 ಕಳೆದ ಸಿದ್ಧಾರ್ಥಿ ಸಂವತ್ಸರದಲ್ಲಿ, ಕೃಷ್ಣರಾಜನು ಮೇಲ್ಪಾಟಿಯಲ್ಲಿ ಬೀಡುಬಿಟ್ಟಿದ್ದಾಗ, ಅವನ ಸಾಮಂತನಾದ ಅರಿಕೇಸರಿಯ ಮಗನ ಗಂಗಾಧರಾ ನಗರದಲ್ಲಿ ಕಾವ್ಯವು ಮುಗಿಯಿತೆಂದು ಸೋಮದೇವನು ಸ್ಪಷ್ಟಪಡಿಸಿದ್ದಾನೆ. ಸಿದ್ಧಾರ್ಥಿಯಿಂದ ಹತ್ತು ಸಂವತ್ಸರ ಹಿಂದಕ್ಕೆ ಎಣಿಸಿದರೆ ಸೌಮ್ಯ. 881ರಿಂದ ಹತ್ತನ್ನು ಕಳೆದರೆ ಗತಶಕ 871. ಅಂದಮೇಲೆ ಆತಕೂರಿನ ಕಲ್ಲು 'ಎಪ್ಪತ್ತೆರಡನೆಯ' ಎಂದದ್ದು ನಡೆಯುತ್ತಿರುವ ವರ್ಷವನ್ನು, ಕವಿಯು ಹೇಳಿದ್ದು ಕಳೆದ ವರ್ಷವನ್ನು. ವಿರೋಧವಿಲ್ಲ, ಕ್ರಿ.ಶ. 949-50 ಎಂಬುದು ನಿಶ್ಚಿತ. ಲಿಪಿಕಾರರು ಅನೇಕ ವೇಳೆ ಬಿಟ್ಟುಬಿಡುವ ಅಂತ್ಯಪ್ರಶಸ್ತಿಗಳನ್ನು ಜತನದಿಂದ ನಕಲು ಮಾಡಿದವರಿಗೆ ನಾವು ಎಷ್ಟು ಋಣಿಗಳೆಂಬುದು ಇಂತಹ ಕಡೆ ತಿಳಿಯುತ್ತದೆ.

ಇನ್ನು ಪ್ರಕೃತಕ್ಕೆ. ಶಾಸನದಲ್ಲಿ ರಾಜಾದಿತ್ಯನ ವಧೆಯನ್ನು ಹೇಳುವಲ್ಲಿ ಎರಡು ಶಬ್ದಗಳು ಮುಖ್ಯವಾದುವು: 'ಬಿಸುಗೆ' ಮತ್ತು 'ಕಳನ್'. ಬಿಸುಗೆಯೆಂದರೆ ಬೆಸುಗೆ, ಕೂಡಿಕೆ ಎಂಬ ಅರ್ಥವಿದೆ; ಆನೆಯ ಮೇಲಣ ಆಸನವೆಂಬ ಅರ್ಥವೂ ಇದೆ. ಕಳನೆಂದರೆ ರಣರಂಗ. ಮೊದಲನೆಯದನ್ನು ಅಪ್ಪುಗೆಯೆಂದು ತಿಳಿದು ಎರಡನೆಯದರಲ್ಲಿ ಕಳ್ಳನ ಛಾಯೆಯನ್ನು ಕಂಡರೆ, ಸ್ನೇಹದ ನೆಪದಲ್ಲಿ ಬಳಿಗೆ ಬಂದು ಸುರಿಗೆಯಿಂದ ಇರಿದ ಒಬ್ಬ ದ್ರೋಹಿಯು ನಮ್ಮ ಕಣ್ಣೆದುರು ನಿಲ್ಲುತ್ತಾನೆ. ಬಿಸುಗೆಯನ್ನು ಆನೆಯ ಆಸನವೆಂದೂ ಕಳನನ್ನು ಕಳನೆಂದೂ ಓದಿದರೆ, ಶತ್ರುವಿನ ಆನೆಯನ್ನೇರಿ ಆ ಆಸನವನ್ನೇ ಯುದ್ಧಭೂಮಿಯನ್ನಾಗಿ ಮಾಡಿಕೊಂಡು ಹೋರಾಡಿದ ವೀರನು ನಿಲ್ಲುತ್ತಾನೆ. ಒಂದೇ ಸಾಲು; ಓದುವವನ ಕಣ್ಣಿನಂತೆ ಮನುಷ್ಯನ ಕೀರ್ತಿ. ಆರಂಭಕಾಲದ ಅನುವಾದದಲ್ಲಿ ವಂಚನೆಯ ಅರ್ಥವು ನುಸುಳಿತು. ಶಾಸನತಜ್ಞರು ಅನಂತರ ಅದನ್ನು ತಿದ್ದಿದರು. ಆದರೆ ತಿದ್ದುಪಡಿಗಿಂತ ತಪ್ಪಿನ ಕಾಲು ಚುರುಕು. ಪುಸ್ತಕದಿಂದ ಪುಸ್ತಕಕ್ಕೆ ಅದು ನಡೆದು ಬಂದು, ಕೊನೆಗೆ ನಮ್ಮ ಉಪನ್ಯಾಸವನ್ನೂ ತಲುಪಿತು.

ಎರಡನೆಯ ಓದೇ ಸರಿಯೆಂಬುದಕ್ಕೆ ಬಲವಾದ ಪ್ರಮಾಣವು ವಿಜಯಿಗಳ ಕಡೆಯಿಂದ ಬಂದುದಲ್ಲ, ಸೋತವರ ಕಡೆಯಿಂದ ಬಂದುದು ಎಂಬುದು ಗಮನಿಸತಕ್ಕ ಅಂಶ. ತಮಿಳು ಶಾಸನಗಳು ರಾಜಾದಿತ್ಯನನ್ನು ಆನೆಯ ಮೇಲೆ ಮಡಿದ ದೊರೆ ಎಂದೇ ಹೆಸರಿಸುತ್ತವೆ. ಲೈಡನ್ ತಾಮ್ರಶಾಸನವೆಂದು ಪ್ರಸಿದ್ಧವಾದ ಚೋಳ ರಾಜರಾಜನ ದಾನಪತ್ರವು, ಸುಮಾರು ಅರ್ಧ ಶತಮಾನದ ಬಳಿಕ, ಸೂರ್ಯವಂಶದ ಆ ವೀರನು ಕೃಷ್ಣರಾಜನನ್ನು ಸೈನ್ಯಸಹಿತ ಅಲುಗಾಡಿಸಿ, ಮಹಾಗಜದ ಬೆನ್ನ ಮೇಲಿರುವಾಗಲೇ ಎದೆಗೆ ಬಾಣ ನಾಟಿ, ವಿಮಾನವೇರಿ ವೀರಲೋಕಕ್ಕೆ ಹೋದನೆಂದು ವರ್ಣಿಸುತ್ತದೆ. ವಂಚನೆಯ ಸುಳಿವೂ ಇಲ್ಲ. ತಮ್ಮ ಯುವರಾಜನು ಮೋಸದಿಂದ ಹತನಾಗಿದ್ದರೆ ಆ ಮನೆತನದ ಪ್ರಶಸ್ತಿಕಾರನು ಅದನ್ನು ಹೇಳದೆ ಬಿಡುತ್ತಿದ್ದನೇ? ಸೋಲಿಗೆ ಅದಕ್ಕಿಂತ ಒಳ್ಳೆಯ ಸಮಾಧಾನ ಬೇರೆಯಿರಲಿಲ್ಲ.

ಆದರೂ ಎರಡು ಸಾಕ್ಷಿಗಳು ಪೂರ್ಣವಾಗಿ ಕೂಡುವುದಿಲ್ಲ. ಕನ್ನಡದ ಕಲ್ಲು ಸುರಿಗೆಯನ್ನೂ ಬೂತುಗನನ್ನೂ ಹೇಳುತ್ತದೆ. ಚೋಳರ ತಾಮ್ರಪಟವು ಬಾಣವನ್ನು ಹೇಳುತ್ತದೆ, ಬೂತುಗನ ಹೆಸರನ್ನೇ ಎತ್ತುವುದಿಲ್ಲ. ಚಕ್ರವರ್ತಿಯ ಎದುರು ಮಡಿದನೆಂಬುದರಲ್ಲಿ ಇರುವ ಗೌರವ ಮಾಂಡಲಿಕನ ಸುರಿಗೆಗೆ ಮಡಿದನೆಂಬುದರಲ್ಲಿ ಇಲ್ಲವೆಂದು ಪ್ರಶಸ್ತಿಕಾರನು ಎಣಿಸಿರಬಹುದು. ಬಾಣದಿಂದ ಜರ್ಜರಿತನಾದವನನ್ನು ಬೂತುಗನು ಆನೆಯೇರಿ ಮುಗಿಸಿದನೆಂದು ಎರಡನ್ನೂ ಸಮನ್ವಯಗೊಳಿಸಬಹುದಾದರೂ ಅದು ಊಹೆಯೇ ಸರಿ.

ಮೂರನೆಯ ಸಾಕ್ಷಿಯು ನಮ್ಮ ಪುಷ್ಪದಂತ ಮಹಾಕವಿ. ಅವನು ಅಪಭ್ರಂಶ ಮಹಾಪುರಾಣವನ್ನು ಆರಂಭಿಸಿದ್ದೂ ಅದೇ ಸಿದ್ಧಾರ್ಥಿ ಸಂವತ್ಸರದಲ್ಲಿ, ಎಂದರೆ ಕ್ರಿ.ಶ. 959ರಲ್ಲಿ, ಮುಗಿಸಿದ್ದು 965ರಲ್ಲಿ, ಆಶ್ರಯದಾತನು ಕೃಷ್ಣನ ಮಂತ್ರಿ ಭರತ. ಗ್ರಂಥಾರಂಭದಲ್ಲಿ ಅವನು ತುಡಿಗನೆಂಬ ಹೆಸರಿನಿಂದ ಕೃಷ್ಣನನ್ನು ಸ್ಮರಿಸಿ, ಚೋಳನ ತಲೆಯನ್ನು ಕತ್ತರಿಸಿದವನೆಂದು ಹೊಗಳುತ್ತಾನೆ. ಆ ಚೋಳನು ರಾಜಾದಿತ್ಯನೆಂದೇ ವಿದ್ವಾಂಸರು ಸಾಮಾನ್ಯವಾಗಿ ಗ್ರಹಿಸಿದ್ದಾರೆ. ಇಲ್ಲಿ ಬೂತುಗನಿಲ್ಲ, ಆನೆಯಿಲ್ಲ, ಪ್ರತಿಪಕ್ಷದ ನಾಯಕನ ಹೆಸರೂ ಇಲ್ಲ. ಸೋಮದೇವನಲ್ಲಿ ಇನ್ನೂ ಸಂಕ್ಷೇಪ: ಪಾಂಡ್ಯ, ಸಿಂಹಳ, ಚೋಳ, ಚೇರರನ್ನು ವಶಪಡಿಸಿಕೊಂಡನೆಂಬ ಒಂದು ಪಟ್ಟಿ.

ಕೃಷ್ಣನ ಆಸ್ಥಾನದ ಸಮೀಪದಲ್ಲಿದ್ದ ಈ ಇಬ್ಬರ ಮಾತಿಗಿಂತ ನಾಯಿಯ ಕಲ್ಲಿನ ಮಾತನ್ನು ನಂಬಬೇಕೆಂದರೆ ಕೆಲವರಿಗೆ ಅಸಮಾಧಾನವಾದೀತು. ಆದರೆ ಪುಷ್ಪದಂತನ ವಿಷಯದಲ್ಲಿ ಒಂದು ಸೋಜಿಗವನ್ನು ಹೇಳದಿರಲಾಗದು. ಅವನ ಕಾವ್ಯವು ತ್ರಿಷಷ್ಟಿ ಮಹಾಪುರುಷರದು. ಇಪ್ಪತ್ತನಾಲ್ವರು ತೀರ್ಥಂಕರರು, ಹನ್ನೆರಡು ಚಕ್ರವರ್ತಿಗಳು, ಒಂಬತ್ತು ಬಲದೇವರು, ಒಂಬತ್ತು ವಾಸುದೇವರು, ಇವರ ಸಾಲಿನಲ್ಲೇ ಒಂಬತ್ತು ಪ್ರತಿವಾಸುದೇವರು. ರಾವಣನೂ ಜರಾಸಂಧನೂ ಶಲಾಕಾಪುರುಷರೇ. ತಮ್ಮ ಚಕ್ರದಿಂದಲೇ ತಾವು ಮಡಿಯುವರು, ಆದರೆ ಹೆಸರು, ವಂಶ, ಭವಾವಳಿಗಳೊಡನೆ ಮಡಿಯುವರು. ಪ್ರತಿವಾಸುದೇವರನ್ನು ಬಿಟ್ಟು ಐವತ್ತನಾಲ್ವರನ್ನೇ ಎಣಿಸಿದ ಶೀಲಾಂಕನಂತಹವರೂ ಇದ್ದರು. ಪುಷ್ಪದಂತನು ಹಾಗೆ ಬಿಟ್ಟವನಲ್ಲ. ಪುರಾಣದೊಳಗೆ ಪ್ರತಿನಾಯಕನಿಗೆ ಇಷ್ಟು ಸ್ಥಳವಿತ್ತ ಕವಿಯು ಪುರಾಣದ ಹೊಸ್ತಿಲಲ್ಲಿ, ತನ್ನ ಕಾಲದ ಪ್ರತಿನಾಯಕನಿಗೆ ಒಂದು ಹೆಸರನ್ನೂ ಕೊಡಲಿಲ್ಲ. ಕವಿಯನ್ನು ನಿಂದಿಸಲು ಈ ಮಾತಲ್ಲ. ಅರಸನ ಹೊಗಳಿಕೆಯ ರೂಢಿ ಬೇರೆ, ಪುರಾಣಧರ್ಮ ಬೇರೆ. ಅದೇ ಶತಮಾನದಲ್ಲಿ ಪಂಪನು ಅರಿಕೇಸರಿಯನ್ನು ಅರ್ಜುನನೊಡನೆ ಅಭೇದಗೊಳಿಸಿಯೂ ಕರ್ಣನನ್ನು ಮನಸಾರೆ ಕೊಂಡಾಡಿದ್ದು ಕಾವ್ಯದೊಳಗೆ ಸಾಧ್ಯವಾಯಿತು. ಆತಕೂರಿನ ಕಲ್ಲಾದರೋ ಎದುರಾಳಿಯನ್ನು ಮೂವಡಿ ಚೋಳನೆಂಬ ವಿಶೇಷಣದೊಡನೆ, ರಾಜಾದಿತ್ಯನೆಂಬ ಹೆಸರಿನಿಂದ ಕರೆದಿದೆ.

ಬೂತುಗನು ಜಿನಭಕ್ತ ಮನೆತನದವನೆಂಬ ಕಾರಣಕ್ಕೆ ನಾವು ಅವನ ಪರ ವಾದಿಸುತ್ತಿದ್ದೇವೆಂದು ಯಾರೂ ಭಾವಿಸಬಾರದು. ಅವನ ಅಕ್ಕ ಪಾಂಬಬ್ಬೆ ಮೂವತ್ತು ವರ್ಷ ತಪಸ್ಸು ಮಾಡಿ ಮುಡಿಪಿದುದು, ಅವನ ಮಗ ಮಾರಸಿಂಹ ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನವನ್ನು ಕೈಗೊಂಡುದು ಸರ್ವವಿದಿತ. ಆದರೆ ವಂಚನೆಯ ಕಳಂಕವನ್ನು ತೊಡೆಯುವ ಅದೇ ಕಲ್ಲು, ಎರೆಯಪನ ಮಗನಾದ ಬೂತುಗನು ರಾಚಮಲ್ಲನೊಡನೆ ಕಾದಿ ಅವನನ್ನು ಕೊಂದು ತೊಂಬತ್ತಾರು ಸಾಸಿರವನ್ನು ಆಳಿದನೆಂದೂ ಹೇಳುತ್ತದೆ. ರಾಚಮಲ್ಲನು ಅವನ ಒಡಹುಟ್ಟು. ಕೃಷ್ಣನ ದೇವಳಿ ತಾಮ್ರಶಾಸನವು ಇದನ್ನೇ, ವಿಷವೃಕ್ಷವನ್ನು ಕಿತ್ತು ಒಳ್ಳೆಯ ಗಿಡವನ್ನು ನೆಟ್ಟಂತೆ ಎಂಬ ಅಲಂಕಾರದಲ್ಲಿ ಮುಚ್ಚುತ್ತದೆ, ಕಲ್ಲು ಮುಚ್ಚುವುದಿಲ್ಲ. ಒಂದು ಸಾಲನ್ನು ನಂಬಿ ಇನ್ನೊಂದನ್ನು ಮರೆಯುವುದು ನ್ಯಾಯವಲ್ಲ. ರಾಜಾದಿತ್ಯನ ವಧೆಗೆ ಬೂತುಗನು ಪಡೆದ ಮೆಚ್ಚು ಬನವಾಸಿ ಪನ್ನಿರ್ಛಾಸಿರ, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70.

ಪಕ್ಷಗಳೆಂಬುವು ಕೂಡ ನಾವು ಇಂದು ಎಣಿಸುವಂತೆ ಕನ್ನಡ-ತಮಿಳೆಂದು ಎರಡಾಗಿ ಸೀಳಿರಲಿಲ್ಲ. ಗಂಗರ ಇನ್ನೊಂದು ಶಾಖೆಯ ಇಮ್ಮಡಿ ಪೃಥ್ವೀಪತಿಯು ಪರಾಂತಕನ ಆಪ್ತ ಸಾಮಂತನಾಗಿದ್ದನು. ರಾಜಾದಿತ್ಯನ ಪಾಳೆಯದಲ್ಲಿ ಕೇರಳದವರಿದ್ದರು. ಅವರಲ್ಲಿ ಒಬ್ಬನ ಕಥೆ ತಿರುವೊತ್ತಿಯೂರಿನ ಶಾಸನದಲ್ಲಿ ಉಳಿದಿದೆ. ಕೇರಳದ ಕುಲೀನನಾದ ಅವನು ರಾಜಾದಿತ್ಯನ ಸಾಮಂತನಾಗಿದ್ದು, ಒಡೆಯನೊಡನೆ ಸಾಯಲಾಗಲಿಲ್ಲವೆಂಬ ಸಂಕಟದಿಂದ ಲೋಕವನ್ನು ತೊರೆದು, ಗಂಗಾಸ್ನಾನ ಮಾಡಿ, ಚತುರಾನನ ಪಂಡಿತನೆಂಬ ಹೆಸರಿನ ಶೈವ ಯತಿಯಾಗಿ ಅಲ್ಲಿ ಮಠಾಧಿಪತಿಯಾದನು. ಗ್ರಾಮಂ ಎಂಬಲ್ಲಿ ದೇವಾಲಯ ಕಟ್ಟಿಸಿದ ಸೇನಾನಾಯಕ ವೆಳ್ಳಂಕುಮರನೇ ಇವನೆಂದು ಗುರುತಿಸಿದವರೂ ಉಂಟು.

ಈ ಯತಿಯು ತನ್ನ ಜನ್ಮನಕ್ಷತ್ರದ ಪೂಜೆಗಾಗಿ ಊರ ಸಭೆಗೆ ಹೊನ್ನನ್ನು ಕೊಟ್ಟ ದಾನವೇ ಆ ಶಾಸನದ ವಿಷಯ. ಅಲ್ಲಿ ಕಾಲವನ್ನು ಎಣಿಸಿರುವುದು ಪರಾಂತಕನ ಆಳ್ವಿಕೆಯ ವರ್ಷದಿಂದಲ್ಲ, ಕನ್ನರದೇವನ ಆಳ್ವಿಕೆಯ ವರ್ಷದಿಂದ.