‘ಓಕೆ’ಯ ಪೂರ್ವವೃತ್ತಾಂತ

ಸಮ್ಮತಿ, ಅಂಗೀಕಾರ, ಕ್ಷೇಮ, ‘ಪರವಾಗಿಲ್ಲ’ವೆಂಬ ಸಮಾಧಾನ, ಇಷ್ಟೆಲ್ಲ ಅರ್ಥಗಳನ್ನು ಹೊತ್ತು ಲೋಕಸಂಚಾರ ಮಾಡುತ್ತಿರುವ ‘ಓಕೆ’ಯು ಯಾವ ಪಂಡಿತರ ಕೋಶದಲ್ಲಿಯೂ ಹುಟ್ಟದೆ, ಅಮೆರಿಕದ ವೃತ್ತಪತ್ರಿಕೆಯೊಂದರ ವಿನೋದದಲ್ಲಿ ಜನ್ಮ ತಾಳಿತೆಂಬುದು ಭಾಷಾಚರಿತ್ರೆಯ ಸೋಜಿಗಗಳಲ್ಲೊಂದು.

ಪದಗಳನ್ನು ಬೇಕೆಂದೇ ತಪ್ಪು ಕಾಗುಣಿತದಲ್ಲಿ ಊಹಿಸಿಕೊಂಡು, ಅವುಗಳ ಮೊದಲಕ್ಷರಗಳನ್ನಷ್ಟೇ ಅಚ್ಚುಹಾಕುವ ಚಪಲವು ಆ ಕಾಲದ ಬಾಸ್ಟನ್ನಿನ ಪತ್ರಕರ್ತರಲ್ಲಿ ಬಲವಾಗಿದ್ದಿತು. ‘ಆಲ್ ಕರೆಕ್ಟ್’ ಎಂಬುದು ಹೀಗೆ ಓಕಾರ ಕಕಾರಗಳಿಂದಾರಂಭವಾಗುವ ‘ಓಲ್ ಕೊರೆಕ್ಟ್’ ಆಗಿ ವಿಕಾರಗೊಂಡು, 1839ರ ಮಾರ್ಚ್ 23ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ‘ಓ.ಕೆ.’ ಎಂದು ಮುದ್ರಿತವಾಯಿತು. ‘ಆಲ್ ರೈಟ್’ ಎಂಬುದರಿಂದ ಅದೇ ರೀತಿಯಲ್ಲಿ ಹುಟ್ಟಿದ ‘ಓ.ಡಬ್ಲ್ಯು.’ ಬಹುಬೇಗ ಅಳಿದುಹೋಯಿತು.

ಓಕೆಯನ್ನು ಉಳಿಸಿದುದು ರಾಜಕಾರಣ. 1840ರ ಚುನಾವಣೆಯಲ್ಲಿ, ಕಿಂಡರ್‌ಹುಕ್ ಗ್ರಾಮದಲ್ಲಿ ಜನಿಸಿದ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರನ್ನರ ಅಭಿಮಾನಿಗಳು ಅವರನ್ನು ‘ಓಲ್ಡ್ ಕಿಂಡರ್‌ಹುಕ್’ ಎಂದು ಕರೆದು, ನ್ಯೂಯಾರ್ಕಿನಲ್ಲಿ ‘ಓಕೆ ಕ್ಲಬ್’ ಸ್ಥಾಪಿಸಿದರು. ವ್ಯಾನ್ ಬ್ಯೂರನ್ನರು ಸೋತರು, ಪದವು ಗೆದ್ದಿತು. ಮುಂದೆ ತಂತಿಯ ಮೂಲಕ ವಾರ್ತೆಗಳನ್ನು ಕಳುಹುವವರಿಗೂ ಇದರ ಹ್ರಸ್ವತೆಯೇ ಅನುಕೂಲವಾಯಿತು.

ಈ ವಂಶಾವಳಿಯು ಬಹುಕಾಲ ಮರೆತುಹೋಗಿ, ಚಾಕ್ಟಾ ಜನರ ನುಡಿಯೇ ಮೊದಲಾಗಿ ಅನೇಕ ಮೂಲಗಳು ಕಲ್ಪಿತವಾದುವು. ಹಳೆಯ ಪತ್ರಿಕೆಗಳನ್ನು ತಾಳ್ಮೆಯಿಂದ ಶೋಧಿಸಿ, 1963-64ರ ಲೇಖನಗಳಲ್ಲಿ ಈ ಜನ್ಮವೃತ್ತಾಂತವನ್ನು ಸ್ಥಿರಪಡಿಸಿದ ವಿದ್ವಾಂಸ ಆಲೆನ್ ವಾಕರ್ ರೀಡರ ಪರಿಶ್ರಮವು ನಮ್ಮ ನಿಘಂಟುಕಾರರ ಗೌರವಕ್ಕೆ ನಿಸ್ಸಂಶಯವಾಗಿ ಪಾತ್ರವಾದುದು.